ಹಿಮದಲ್ಲಿ ಓಡುವವರ ಅಲಂಕಾರ

ಬೆಂಗಳೂರಿನ 15 ಡಿಗ್ರಿಗೇ ಮಂಕಿ ಕ್ಯಾಪ್ ಏರಿಸಿ ವಾಕಿಂಗ್ ಹೊರಡುವ ತಾತಂದಿರನ್ನು ನೋಡಿ ನಗುವ ಹುಡುಗರೇ, ನಾಳೆ ಮಿನಿಯಾಪೊಲಿಸ್‌ಗೆ ಕೆಲಸಕ್ಕೆ ಹೋಗಿ ಅದೇ ಟೋಪಿಯನ್ನು ‘ಬಾಲಕ್ಲಾವಾ’ ಅಂತ ಡಾಲರ್ ಸುರಿದು ಕೊಳ್ಳುತ್ತಾರೆ. ಜನವರಿಯಲ್ಲಿ ಅಲ್ಲಿ ಮೈನಸ್ 20 ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಿಸಲು ಇಟ್ಟು ಮೀನು ಹಿಡಿಯುವ ಊರು ಅದು. ಅಂಥ ಕೆರೆಯ ಸುತ್ತ ಓಡುವುದು ಅವರವರ ಹಣೆಬರಹ.

ಅಂಗಡಿಯಲ್ಲಿ ನೀರು ಒಳಗೆ ಬಿಡದ ಶೂ ತೋರಿಸುತ್ತಾರೆ. ಮೇಲಿನಿಂದ ನುಗ್ಗಿದ ನೀರನ್ನು ಅದು ಹೊರಗೂ ಬಿಡುವುದಿಲ್ಲ ಎಂಬ ಮಾತು ಮಾತ್ರ ಬಿಲ್ಲಾದ ಮೇಲೂ ಬರುವುದಿಲ್ಲ. ಪಳಗಿದವರ ದಾರಿಯೇ ಬೇರೆ. ಹಳೇ ಶೂವಿನ ಅಟ್ಟೆಗೆ 3/8 ಇಂಚಿನ, ಆರು ಮೂಲೆ ತಲೆಯ ತಗಡಿನ ಸ್ಕ್ರೂಗಳನ್ನು ಅಂಚಿನುದ್ದಕ್ಕೂ ತಿರುಗಿಸುತ್ತಾರೆ. ತಲೆ ಹೊರಗಿದ್ದು ಮಂಜುಗಡ್ಡೆಯನ್ನು ಕಚ್ಚುತ್ತದೆ. ಸ್ಕ್ರೂ ಉದ್ದವಾಯಿತೋ, ಕಚ್ಚುವುದು ಅಂಗಾಲನ್ನೇ! ಇನ್ನು ಅದೇ ಶೂನಲ್ಲಿ ಮನೆಯ ಮರದ ನೆಲದ ಮೇಲೆ ಟಕಟಕ ನಡೆದರೆ ಹೆಂಡತಿ ಕಚ್ಚುತ್ತಾಳೆ.

ಹತ್ತಿ ಬನಿಯನ್ ಬೇಡವೇ ಬೇಡ. ಬೆವರು ಕುಡಿದು ಮೈಗಂಟಿ ನಡುಗಿಸುತ್ತದೆ. ಒಳಗೆ ತೆಳು ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್ ಸಾಕು. ಬಾಗಿಲು ದಾಟುವಾಗ ತುಸು ಚಳಿಯಾಗಬೇಕು, ಇಲ್ಲವಾದರೆ ಮೈ ಕಾದ ಮೇಲೆ ಬೇಯುತ್ತೀರಿ. ಕೈಗೆ ಬೆರಳೆಲ್ಲ ಒಟ್ಟಿಗಿರುವ ಚೀಲದಂಥ ಗ್ಲೌಸೇ ಬೆಚ್ಚಗೆ.

ಇಷ್ಟಾಗಿ, ರೆಪ್ಪೆ ಮೇಲಿನ ಹಿಮ ಕರಗುವ ಮುಂಚೆ ದಾವಣಗೆರೆಯಿಂದ ವಿಡಿಯೋ ಕಾಲ್.

“ಇದೇನೋ ಅವತಾರ! ಯಾಕೋ ಈ ಓಟ?”

“ತೂಕ ಇಳಿಸೋಕಮ್ಮ.”

“ಹಾಗಾದ್ರೆ ಬೆಣ್ಣೆ ಕಾಯಿಸಿದ ತುಪ್ಪ ಕಳಿಸೋದು ಬೇಡ್ವಾ?”

“ಅದು ಬೇರೆ, ಇದು ಬೇರೆ.”