ಎಡ್ಡಿ ಬಂದದ್ದು ಎಡ್ಡೆ ಆಯ್ತು

ಕಡಬ ಪೇಟೆಯ ಹೋಟೆಲಿನಲ್ಲಿ ಗೋಳಿಬಜೆ ಬಂತೆಂದರೆ 2007ರ ಮಾರ್ಚ್ 17 ಕೂಡ ಹಿಂದೆಯೇ ಬರುತ್ತದೆ. ಅಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಹಾಡಿತ್ತು. ಭಾರತದಲ್ಲಿ ಅವರಿಗೆ ಅದೇ ಮೊದಲ ಕಛೇರಿ.

“ಕಾಲೇಜಿನಲ್ಲಿದ್ದೆ. ಜೀವನವೇ ಬದಲಾಯ್ತು ಮಾರಾಯ,” ಎಂದರು ರಬ್ಬರಿನವರು.

“ಎಂತ ಬದಲಾದ್ದು? ಆಗಲೂ ಸಾಲ, ಈಗಲೂ ಸಾಲ,” ಎಂದರು ಅಡಿಕೆಯವರು.

“ಎಡ್ಡಿ ಸ್ಟೇಜಿಗೆ ಬಂದದ್ದು ನೋಡ್ಬೇಕಿತ್ತು!”

ಎಡ್ಡಿ ಅಂದರೆ ತಂಡದ ಲಾಂಛನ. ಆಳೆತ್ತರ ಮೀರಿದ ಪ್ರೇತರೂಪ. ಗಿಟಾರಿನವರ ನಡುವೆ ನುಗ್ಗುವುದು ಅದರ ವಾಡಿಕೆ.

“ಎಡ್ಡೆ ಇತ್ತಾ?” ಅಡಿಕೆಯವರು ತುಳುವಿನ ‘ಒಳ್ಳೆಯದ’ನ್ನು ಎಳೆದು ತಂದರು. “ನಮ್ಮ ದೇವಿಮಹಾತ್ಮೆಯ ಮಹಿಷಾಸುರನೂ ಹಾಗೇ ಅಲ್ವಾ? ಸಭೆಯ ಹಿಂದಿನಿಂದ ದೊಂದಿ, ಬೊಬ್ಬೆ. ಬಯಲಾಟಕ್ಕೆ ಟಿಕೆಟೂ ಇಲ್ಲ.”

“ಆದರೆ ಲಾರ್ಸ್ ಉಲ್ರಿಚ್‌ನ ಡ್ರಮ್ ಪೆಟ್ಟು...”

ಅಡಿಕೆಯವರ ಚಾದ ಗ್ಲಾಸು ಕೆಳಗಿಳಿಯಿತು. “ಅವ ಮೆಟಾಲಿಕಾದವ. ಅದೇ ಮೈದಾನಕ್ಕೆ ಬಂದದ್ದು 2011ರ ಅಕ್ಟೋಬರ್ 30ಕ್ಕೆ. ಮೇಡನ್‌ಗೆ ಆಗ ನಿಕೋ ಮ್ಯಾಕ್‌ಬ್ರೇನ್. ನೀನು ನಿಜಕ್ಕೂ ಹೋಗಿದ್ಯಾ?”

ಮೌನ. ಬಾಣಲೆ ಮಾತ್ರ ಚುರುಗುಟ್ಟಿತು.

“ಹೊರಟಿದ್ದೆ. ಪುತ್ತೂರಲ್ಲಿ ಬಸ್ಸು ತಪ್ಪಿತು.”

“ಇನ್ನೊಂದು ಪ್ಲೇಟ್ ಕೊಡ್ಲಾ?” ಹೋಟೆಲಿನವರು ಕೇಳಿದರು.

“ಕೊಡಿ,” ಎಂದರು ರಬ್ಬರಿನವರು. “ಮೆಟಾಲಿಕಾಕ್ಕಂತೂ ನಾನು ಮುಂದಿನ ಸಾಲಲ್ಲೇ ಇದ್ದೆ.”