ಧ್ವನಿಮತ ಸಿದ್ಧಾಂತ: ರಾಣೆಬೆನ್ನೂರು ಪಾಠ

ಮಾಜಿ ಸೈನಿಕರ ಹಿತದ ಪ್ರಶ್ನೆ ಸದನಕ್ಕೆ ಬಂದಾಗ ನಮ್ಮ ಶಾಸಕರು, ಸಂಸದರು ಯಾವ ಕಡೆ ಮತ ಹಾಕಿದರು ಎಂಬುದನ್ನು ಕುರಿತ ಈ ಮಹಾಪ್ರಬಂಧ ಮೂಲದಲ್ಲಿ 800 ಪುಟಗಳದ್ದು. ಅದರಲ್ಲಿ 790 ಪುಟ ಖಾಲಿ. ಬೈಂಡಿಗೆ ಒಯ್ದಾಗ ರಾಣೆಬೆನ್ನೂರಿನ ಬೈಂಡರ್ ಹಾಳೆ ಹಾಳೆ ತಿರುವಿ ನೋಡಿ, ‘ಸರ, ನೋಟ್‌ಬುಕ್ ರೇಟ್ ಹಚ್ಚಲ್ಯೋ, ಥೀಸಿಸ್ ರೇಟ್ ಹಚ್ಚಲ್ಯೋ?’ ಎಂದು ಕೇಳಿದ. ವಿದ್ವತ್ ವಲಯದಲ್ಲಿ ಇಷ್ಟು ನೇರವಾದ ವಿಮರ್ಶೆ ಅಪರೂಪ. ಆ ಖಾಲಿ ಪುಟಗಳು ಸಂಶೋಧಕನ ಸೋಮಾರಿತನದಿಂದ ಹುಟ್ಟಿದವಲ್ಲ, ಅವೇ ಸಂಶೋಧನೆಯ ಫಲ ಎಂದು ಸ್ಥಾಪಿಸುವುದಕ್ಕಾಗಿಯೇ ಉಳಿದ 10 ಪುಟ ಬರೆಯಬೇಕಾಯಿತು. ಅವುಗಳ ಸಾರ ಇಲ್ಲಿದೆ.

ವಿಧಾನವನ್ನು ಅಮೆರಿಕದಿಂದ ಕೈಗಡ ತಂದೆ. ಯುದ್ಧಭೂಮಿಯಲ್ಲಿ ಕಸ ಸುಡುವ ಹೊಂಡಗಳ ಹೊಗೆ ಕುಡಿದು ರೋಗ ಹತ್ತಿಸಿಕೊಂಡ ಸೈನಿಕರ ಚಿಕಿತ್ಸೆಗೆಂದು ಪ್ಯಾಕ್ಟ್ ಎಂಬ ಮಸೂದೆ ಅಲ್ಲಿಯ ಸೆನೆಟ್ ಮುಂದೆ ಬಂದಾಗ, 2022ರ ಆಗಸ್ಟ್ 2ರಂದು, 86 ಜನ ಪರ ಹಾಕಿದರು, 11 ಜನ ವಿರುದ್ಧ ಹಾಕಿದರು. ಆ 11 ಜನ ಯಾರೆಂದು ಬೇಕಾದವರು ಬೆರಳು ಮಡಚಿ ಎಣಿಸಬಹುದು. ಇದನ್ನೇ ಹಾವೇರಿ ಜಿಲ್ಲೆಗೆ ಹಚ್ಚಿ ನೋಡೋಣವೆಂದು ದೊಡ್ಡ ಕೋಷ್ಟಕ ಗೀಚಿಕೊಂಡೆ. ಎಡಕ್ಕೆ ಪ್ರತಿನಿಧಿಗಳ ಹೆಸರು, ಮೇಲೆ ಮಸೂದೆಗಳ ಹೆಸರು, ನಡುವೆ ‘ಹೌದು’, ‘ಇಲ್ಲ’ ತುಂಬಲು ಮನೆಗಳು. ಎಡಗಡೆಯ ಹೆಸರು ಅರ್ಧ ದಿನದಲ್ಲಿ ಬರೆದು ಮುಗಿಯಿತು. ಮನೆಗಳು ಮಾತ್ರ ಇವತ್ತಿಗೂ ಬಾಡಿಗೆಗೆ ಖಾಲಿ ಇವೆ.

ಪೂರ್ವಪಕ್ಷ

ಮೊದಲು ಕೈಗೆತ್ತಿಕೊಂಡದ್ದು ‘ಒಂದು ಹುದ್ದೆ, ಒಂದು ಪಿಂಚಣಿ’. ಒಂದೇ ಹುದ್ದೆಯಲ್ಲಿ ಅಷ್ಟೇ ವರ್ಷ ದುಡಿದವರು ಯಾವ ಇಸವಿಯಲ್ಲಿ ಮನೆಗೆ ಬಂದರೂ ಅವರಿಗೆ ಒಂದೇ ಪಿಂಚಣಿ ಎಂಬ ಸೀದಾ ಮಾತು. 1973ರಲ್ಲಿ ಕೈಬಿಟ್ಟು ಹೋದ ಈ ಮಾತಿಗೆ 2011ರಲ್ಲಿ ಭಗತ್ ಸಿಂಗ್ ಕೋಶಿಯಾರಿ ಸಮಿತಿ ಹೂಂಗುಟ್ಟಿತು. 2014ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ಚಿದಂಬರಂ 500 ಕೋಟಿ ತೆಗೆದಿಟ್ಟರು. 2015ರ ಜೂನ್‌ನಲ್ಲಿ ಮುಪ್ಪಿನ ಸೈನಿಕರು ಎದೆಗೆ ಪದಕ ಸಿಕ್ಕಿಸಿಕೊಂಡು ಜಂತರ್ ಮಂತರ್‌ನಲ್ಲಿ ಕೂತರು. ಸೆಪ್ಟೆಂಬರ್ 5ಕ್ಕೆ ರಕ್ಷಣಾ ಮಂತ್ರಿ ಪರಿಕ್ಕರ್ ಘೋಷಿಸಿದರು, ನವೆಂಬರ್ 7ಕ್ಕೆ ಆದೇಶ ಹೊರಬಿತ್ತು. ಹೀಗೆ 42 ವರ್ಷ ನಡೆದ ಈ ಭಾರತದಲ್ಲಿ ಸಭಾಪರ್ವ ಇದೆ, ಉದ್ಯೋಗಪರ್ವ ಇದೆ. ಮತದಾನದ ಪರ್ವ ಯಾವ ಹಸ್ತಪ್ರತಿಯಲ್ಲೂ ಸಿಗದು. 2022ರ ಜೂನ್ 14ರ ಅಗ್ನಿಪಥದ್ದೂ ಅದೇ ಪಾಡು. ನಾಲ್ಕು ವರ್ಷ ಸೇನೆ, ಆಮೇಲೆ ನಾಲ್ವರಲ್ಲಿ ಒಬ್ಬನಿಗಷ್ಟೇ ಒಳಗೆ ಜಾಗ, ಮಿಕ್ಕವರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಇಷ್ಟು ದೊಡ್ಡ ಸಂಗತಿ ಮಸೂದೆಯಾಗಿ ಬರಲೇ ಇಲ್ಲ. ಆ ಘೋಷಣೆಯ ದಿನ, ಆ ಆದೇಶದ ದಿನ, ಈ ಯೋಜನೆಯ ದಿನ, ಮೂರೂ ದಿನ ಸಂಸತ್ತಿನ ಅಧಿವೇಶನವೇ ಇರಲಿಲ್ಲ ಎಂಬುದು ಪ್ರಸ್ತುತ ಸಂಶೋಧಕನ ಅಲ್ಪ ಕೊಡುಗೆ. ಕಲ್ಯಾಣಕ್ಕೆ ಮುಹೂರ್ತ ಇಡುವಾಗ ಬೀಗರು ಊರಲ್ಲಿ ಇಲ್ಲದ ದಿನವನ್ನೇ ನೋಡುವ ಪದ್ಧತಿ ಇರಬಹುದು.

ಹೋಗಲಿ, ಪಿಂಚಣಿಯ ದುಡ್ಡಿಗಾದರೂ ಸದನದ ಒಪ್ಪಿಗೆ ಬೇಕಲ್ಲ? ಬೇಕು, ಸಿಗುತ್ತದೆ ಕೂಡ. 2018ರ ಮಾರ್ಚ್ 14ರಂದು ಲೋಕಸಭೆ ಸುಮಾರು ಅರ್ಧ ತಾಸಿನಲ್ಲಿ 99 ಅನುದಾನ ಬೇಡಿಕೆಗಳನ್ನು ಚರ್ಚೆಯಿಲ್ಲದೆ ಪಾಸು ಮಾಡಿತು; ರಕ್ಷಣಾ ಪಿಂಚಣಿಯದೂ ಆ ಗಂಟಿನಲ್ಲೇ ಇತ್ತು. ಭಾಗಿಸಿ ನೋಡಿದರೆ ಒಂದೊಂದಕ್ಕೆ 18 ಸೆಕೆಂಡು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಮಂಡಕ್ಕಿ ಕಲಸುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಈ ಕ್ರಮಕ್ಕೆ ಸಂಸತ್ತೇ ಇಟ್ಟುಕೊಂಡ ಹೆಸರು ಗಿಲೋಟಿನ್. ಫ್ರಾನ್ಸಿನಲ್ಲಿ ಅದು ತಲೆ ಕತ್ತರಿಸುತ್ತಿತ್ತು, ದಿಲ್ಲಿಯಲ್ಲಿ ತಲೆ ಎಣಿಸುವ ಕೆಲಸ ಉಳಿಸುತ್ತದೆ.

ಧ್ವನಿ ವಿಚಾರ

ಹಾಗಾದರೆ ಸದನದಲ್ಲಿ ನಡೆಯುವುದೇನು? ಧ್ವನಿಮತ. ‘ಪರವಾಗಿರುವವರು ಹೌದು ಎನ್ನಿ’ ಅನ್ನುತ್ತಾರೆ, ಒಂದು ಶಬ್ದ ಏಳುತ್ತದೆ. ‘ವಿರೋಧವಿರುವವರು ಇಲ್ಲ ಎನ್ನಿ’ ಅನ್ನುತ್ತಾರೆ, ಇನ್ನೊಂದು ಶಬ್ದ ಏಳುತ್ತದೆ, ಕೆಲವೊಮ್ಮೆ ಏಳುವುದಿಲ್ಲ. ಪೀಠದಲ್ಲಿದ್ದವರು ಎರಡನ್ನೂ ಕಿವಿಯಲ್ಲೇ ತೂಗಿ ಹೌದೆಂದವರು ಗೆದ್ದರು ಎನ್ನುತ್ತಾರೆ. ಯಾರು ಅಂದರು, ಯಾರು ತುಟಿ ಮಾತ್ರ ಆಡಿಸಿದರು, ಯಾರು ಆಕಳಿಸಿದ್ದು ‘ಹೌದು’ ಎಂದು ಕೇಳಿಸಿತು, ಯಾವುದಕ್ಕೂ ಬರಹವಿಲ್ಲ. ಯಾರಾದರೂ ಎದ್ದು ಎಣಿಸಿ ಎಂದು ಹಟ ಹಿಡಿದರೆ ಮಾತ್ರ ತಲೆ ಎಣಿಕೆ. ಸೈನಿಕರ ವಿಷಯಕ್ಕೆ ಹಾಗೆ ಎಣಿಸಿ ಎನ್ನುವವನಿಗೆ ಸೈನಿಕದ್ರೋಹಿ ಪಟ್ಟ ಖಾತ್ರಿ, ಆದ್ದರಿಂದ ಯಾರೂ ಅನ್ನುವುದಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ಎಣಿಸಿದರೂ ಸಿಗುವುದು ವಿಪ್ ಕೊಟ್ಟವನ ಮನಸ್ಸೇ ಹೊರತು ಗುಂಡಿ ಒತ್ತಿದವನದಲ್ಲ.

ಇಲ್ಲಿ ಅಲಂಕಾರಶಾಸ್ತ್ರದ ಮೊರೆ ಹೋಗದೆ ಗತಿಯಿಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ಕಾವ್ಯದ ಆತ್ಮ ಧ್ವನಿ ಎಂದ. ಅವನು ಕಾಶ್ಮೀರದವನು, ನಮ್ಮ ತಾಲೂಕಿನ ಹುಡುಗರಿಗೆ ಪೋಸ್ಟಿಂಗ್ ಬೀಳುವ ಜಾಗದವನು, ಹೀಗಾಗಿ ಈ ವಿಷಯಕ್ಕೆ ತೀರ ಹೊರಗಿನವನೇನಲ್ಲ. ಹೇಳಿದ ಮಾತು ಒಂದು, ಹೊಳೆಯುವ ಅರ್ಥ ಮತ್ತೊಂದು. ಆ ಹೊಳೆಯುವುದೇ ಹೆಚ್ಚಿನದು ಎಂದು ಅವನ ವಾದ. ಸದನದಲ್ಲಿ ‘ಸೈನಿಕರ ಋಣ ತೀರಿಸಲಾಗದು’ ಎಂಬ ವಾಕ್ಯ ಕೇಳಿದಾಗೆಲ್ಲ ಈ ಸಿದ್ಧಾಂತ ಎಷ್ಟು ಸತ್ಯ ಅನ್ನಿಸುತ್ತದೆ: ವಾಚ್ಯಾರ್ಥ ಕೃತಜ್ಞತೆ, ವ್ಯಂಗ್ಯಾರ್ಥ ತೀರಿಸುವುದಿಲ್ಲ. ಆದರೆ ನಮ್ಮ ಕವಿರಾಜಮಾರ್ಗಕಾರ ಧ್ವನಿಯನ್ನು ಆತ್ಮ ಗೀತ್ಮ ಎನ್ನದೆ ಅಲಂಕಾರಗಳ ಸಾಲಿಗೆ ಸೇರಿಸಿ ಸುಮ್ಮನಾದ. ವಿಧಾನಮಂಡಲದ ಮಟ್ಟಿಗೆ ನನ್ನ ಓಟು ಅವನಿಗೆ. ಬೇಕಾದರೆ ಹೆಸರು ಸಮೇತ ಬರೆದುಕೊಳ್ಳಿ.

ಈ ಧ್ವನಿಯ ವಿಷಯದಲ್ಲಿ ರಾಣೆಬೆನ್ನೂರಿನದು ಅಸಾಧಾರಣ ಸ್ಥಾನ. 2016ರ ಜುಲೈನಿಂದ 2018ರ ಮೇವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು ನಮ್ಮ ಶಾಸಕ ಕೆ.ಬಿ. ಕೋಳಿವಾಡರು. ಸಂವಿಧಾನದ 189ನೆಯ ವಿಧಿಯಂತೆ ಸಭಾಧ್ಯಕ್ಷರು ಎರಡೂ ಕಡೆ ಸರಿಸಮ ಆದ ಹೊರತು ಮತ ಹಾಕುವಂತಿಲ್ಲ. ಅಂದರೆ ಆ ಎರಡು ವರ್ಷ ನಾಡಿನ ಎಲ್ಲ ‘ಹೌದು’ಗಳೂ ನಮ್ಮ ತಾಲೂಕಿನ ಕಿವಿಗೆ ಬಿದ್ದವು, ನಮ್ಮ ತಾಲೂಕಿನದು ಮಾತ್ರ ಒಂದೂ ಇಲ್ಲ. ಮುಂದಿನ ಶಾಸಕ ಆರ್. ಶಂಕರ್. 2019ರ ಜುಲೈ 23ರಂದು ಅಪರೂಪಕ್ಕೊಮ್ಮೆ ನಿಜವಾಗಿ ತಲೆ ಎಣಿಸಿದರು, ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಿಂದ ಬಿತ್ತು. ಅಂದು ನಮ್ಮ ಶಾಸಕರ ಕುರ್ಚಿ ಖಾಲಿ. ಎರಡೇ ದಿನಕ್ಕೆ ಅವರು ಪಕ್ಷಾಂತರದ ಕಾರಣಕ್ಕೆ ಅನರ್ಹರಾದರು, ಡಿಸೆಂಬರ್ ಉಪಚುನಾವಣೆಯವರೆಗೆ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಕೃಷ್ಣಮೃಗಗಳ ಅಭಯಾರಣ್ಯವಿರುವ ತಾಲೂಕಿಗೆ ನೆಗೆತದ ಪಾಠ ಹೇಳಬೇಕಾಗಿಲ್ಲ. ಕೋಷ್ಟಕದಲ್ಲಿ ಈ ಸಾಲುಗಳಿಗೆ ಕ್ರಮವಾಗಿ ‘ಕಿವಿ’, ‘ಗೈರು’, ‘ಶೂನ್ಯ’ ಎಂದು ಅಂಚಿನಲ್ಲಿ ಬರೆದೆ. ಮಾರ್ಗದರ್ಶಕರು ಇದು ಛಂದಸ್ಸಿನ ಗಣದಂತಿದೆ ಎಂದು ಮೆಚ್ಚಿದರು.

ಇದರ ಚೋದ್ಯ ಇನ್ನೂ ಒಂದಿದೆ. ಬಹುಮತವನ್ನು ರಾಜಭವನದಲ್ಲಲ್ಲ, ಸದನದಲ್ಲೇ ಪರೀಕ್ಷಿಸಬೇಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 1994ರ ಮಾರ್ಚ್ 11ರಂದು ಹೇಳಿದ ತೀರ್ಪಿನ ಹೆಸರು ಎಸ್.ಆರ್. ಬೊಮ್ಮಾಯಿ ಪ್ರಕರಣ. ಬೊಮ್ಮಾಯಿಯವರು ಹುಟ್ಟಿದ್ದು ಕಾರಡಗಿಯಲ್ಲಿ, ಈಗಿನ ಹಾವೇರಿ ಜಿಲ್ಲೆ. 2024ರಿಂದ ಹಾವೇರಿಯ ಸಂಸದರು ಅವರ ಮಗ. ತಲೆ ಎಣಿಸುವ ಸಿದ್ಧಾಂತವನ್ನು ದೇಶಕ್ಕೆ ಕೊಟ್ಟ ಜಿಲ್ಲೆಗೆ ಸೈನಿಕರ ವಿಷಯದಲ್ಲಿ ಎಣಿಸಲು ಒಂದು ತಲೆಯೂ ಸಿಗದೆ ಹೋಯಿತು.

ದೇವರಗುಡ್ಡದ ಕಾರ್ಣಿಕದೊಂದಿಗೆ ಹೋಲಿಸಿದರೆ ಧ್ವನಿಮತದ ದೌರ್ಬಲ್ಯ ಎದ್ದು ಕಾಣುತ್ತದೆ. ನಮ್ಮದೇ ತಾಲೂಕಿನ ಆ ಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅನ್ನುತ್ತಾನೆ, ಜಾತ್ರೆಗೆ ಜಾತ್ರೆಯೇ ಉಸಿರು ಹಿಡಿಯುತ್ತದೆ, ಒಂದೇ ವಾಕ್ಯ ನುಡಿದು ಕೆಳಕ್ಕೆ ಧುಮುಕುತ್ತಾನೆ. ಅಲ್ಲೂ ಧ್ವನಿಯೇ, ಅಲ್ಲೂ ಗೂಢಾರ್ಥವೇ. ಆದರೆ ಯಾರು ನುಡಿದದ್ದು, ಏನು ನುಡಿದದ್ದು, ಯಾವ ವರ್ಷ ಎಂಬುದನ್ನು ಮೆಣಸಿನಕಾಯಿ ದಲಾಲರೂ ನೆನಪಿಟ್ಟಿರುತ್ತಾರೆ. ಸದನದಲ್ಲೂ ‘ಸದ್ದಲೇ’ ಎನ್ನುವವರಿದ್ದಾರೆ. ಯಾರೂ ಸುಮ್ಮನಾಗುವುದಿಲ್ಲ.

ಕ್ಷೇತ್ರಕಾರ್ಯ

ದಾಖಲೆ ಸಿಗದಿದ್ದಾಗ ಪರ್ಯಾಯ ಆಕರ ಹುಡುಕುವುದು ಸಂಶೋಧಕನ ಧರ್ಮ. ಜನವರಿ 26, ಕಾರ್ಗಿಲ್ ವಿಜಯದ ಜುಲೈ 26, ಆಗಸ್ಟ್ 15, ಸೇನಾ ಧ್ವಜ ದಿನದ ಡಿಸೆಂಬರ್ 7 ಎಂಬ ನಾಲ್ಕು ಪರ್ವಕಾಲಗಳಲ್ಲಿ ಸಭೆಗಳಿಗೆ ಹೋಗಿ ಕೂತೆ. ಫ್ಲೆಕ್ಸುಗಳಲ್ಲಿ ನಾಯಕರ ಮುಖ ಕೊಪ್ಪರಿಗೆಯಷ್ಟು, ಸೈನಿಕನ ಮುಖ ಕೊಬ್ಬರಿ ಬಟ್ಟಲಷ್ಟು. ಭಾಷಣ ಅಳೆಯಲು ಬ್ಯಾಡಗಿ ಮಾಪನ ರೂಪಿಸಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಜಾತಿ. ಎರಡರಲ್ಲೂ ಬಣ್ಣ ವಿಪರೀತ, ಖಾರ ಅಷ್ಟಕ್ಕಷ್ಟೆ. ಕೇಳಿದ ಭಾಷಣಗಳೆಲ್ಲ ಈ ಎರಡರಲ್ಲಿ ಒಂದಕ್ಕೆ ಸಲೀಸಾಗಿ ಸೇರಿದವು, ಮೂರನೆಯ ಜಾತಿಯ ಅಗತ್ಯ ಬೀಳಲಿಲ್ಲ.

ಮುಖ್ಯ ಆಕರ ಸಿಕ್ಕಿದ್ದು ನಮ್ಮ ಓಣಿಯ ಹವಾಲ್ದಾರ್ ಕಾಕಾನ ಮನೆಯಲ್ಲಿ. ಓಣಿಗೆ ಅವರು ಮಿಲ್ಟ್ರಿ ಕಾಕಾ. ಬೆಳಗಾವಿಯ ಮರಾಠಾ ಕೇಂದ್ರದಲ್ಲಿ ತರಬೇತಿ ಮುಗಿಸಿ ಹೋದವರು ತಲೆ ನರೆತು ಬಂದರು. ಕ್ಯಾಂಟೀನಿನ ರಮ್ಮಿನ ಕೋಟಾ ಉಂಟೇ ಎಂದು ವಿಚಾರಿಸುವವರ ಮೂಲಕ ಓಣಿಯ ಬೆಂಬಲ ಅವರಿಗೆ ತಿಂಗಳಿಗೊಮ್ಮೆ ತಪ್ಪದೆ ವ್ಯಕ್ತವಾಗುತ್ತದೆ.

‘ಏನ್ ಹುಡಕಾಕತ್ತೀ ತಮ್ಮಾ?’

‘ಮತ ಹಾಕಿದ ದಾಖಲೆ ಕಾಕಾ.’

‘ಯಾರದು?’

‘ಶಾಸಕರದು, ಎಂಪಿಯವರದು.’

‘ಅವರೂ ಮತ ಹಾಕ್ತಾರೇನು? ನಾವಷ್ಟ ಹಾಕೂದು ಅಂತ ತಿಳಕೊಂಡಿದ್ದೆ.’

ಕಾಕು ಒಳಗಿನಿಂದ ಒಂದು ಕೌದಿ ತಂದು ಹಾಸಿದಳು. ಸನ್ಮಾನದ ಶಾಲುಗಳನ್ನೆಲ್ಲ ಕತ್ತರಿಸಿ ಚೌಕ ಚೌಕ ಕೂಡಿಸಿ ಹೊಲಿದದ್ದು. ಎಷ್ಟೋ ಶಾಲುಗಳ ಜರಿ ಒಂದೇ ಒಗೆತಕ್ಕೆ ಕಪ್ಪಾಗಿತ್ತು, ಒಂದರ ಮೂಲೆಯಲ್ಲಿ ಅಂಗಡಿಯ ಬೆಲೆಚೀಟಿಯ ಪಿನ್ನು ಇನ್ನೂ ಇತ್ತು. ‘ಇದು ಹಳೇ ಎಂಎಲ್‌ಎ, ಇದು ಆಮ್ಯಾಲಿಂದು, ಇದು ಇಬ್ಬರೂ ಕೂಡಿ ಹೊಚ್ಚಿದ್ದು, ಇದು ಇಲೆಕ್ಷನ್ ಮುಂಚಿಂದು, ದಪ್ಪ ಐತಿ’ ಎಂದು ಬೆರಳಿಟ್ಟು ಹೇಳುತ್ತ ಹೋದಳು. ಅಡ್ಡಸಾಲು, ಉದ್ದಸಾಲು, ಮನೆ ಮನೆಯೂ ಭರ್ತಿ. ನನ್ನ 790 ಪುಟದ ಕೋಷ್ಟಕ ನೆಲದ ಮೇಲೆ ಪೂರ್ತಿಯಾಗಿ ಬಿದ್ದಿತ್ತು. ಬೆಚ್ಚಗಿದೆಯೇ ಎಂದು ಕೇಳಿದೆ. ‘ಹೊಚ್ಚಿಕೊಂಡ್ರ ಚುಚ್ಚತೈತಿ’ ಎಂದಳು.

ಶಾಸನ ವಿಚಾರ

ಶಾಸನ ಎಂಬ ಒಂದೇ ಶಬ್ದ ಕಲ್ಲಿನ ಬರಹಕ್ಕೂ ಕಾನೂನಿಗೂ ಇರುವುದು ಕನ್ನಡದ ಹಳೆಯ ಕುಚೋದ್ಯ. ಈ ಸೀಮೆಯ ಹಳ್ಳಿ ಹಳ್ಳಿಯಲ್ಲೂ ವೀರಗಲ್ಲುಗಳಿವೆ. ತುರು ಕಾಯುತ್ತಲೋ ಊರು ಕಾಯುತ್ತಲೋ ಸತ್ತವನ ಹೆಸರು, ಆಳುವವನ ಹೆಸರು, ತಿಥಿ, ವಾರ ಎಲ್ಲ ಕೊರೆದು, ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟರೆ ಅದಕ್ಕೆ ನೆತ್ತರುಗೊಡಗೆ ಎಂದು ಹೆಸರಿಟ್ಟರು. ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. 1969ರ ಭೂ ಮಂಜೂರಾತಿ ನಿಯಮಗಳಲ್ಲೂ ಮಾಜಿ ಸೈನಿಕರಿಗೆ ಪಾಲು ಇದೆ. ಆದರೆ ಆಧುನಿಕ ವೀರಗಲ್ಲಿಗೆ ಅಪ್ಸರೆಯರ ಪಟ್ಟಿಕೆಗೂ ಮುಂಚೆ ಅರ್ಜಿ ಸ್ವೀಕರಿಸುವ ಕಿಟಕಿಯ ಪಟ್ಟಿಕೆಯೊಂದನ್ನು ಕೆತ್ತಬೇಕಾಗುತ್ತದೆ. ಕಾಕಾ ಅಲ್ಲಿ ಬಹಳ ಕಾಲದಿಂದ ನಿಂತಿದ್ದಾರೆ.

ಪಿಂಚಣಿಯ ವಿಷಯದಲ್ಲಿ ಸದನ ನಿಧಾನ ಎಂಬ ಆಕ್ಷೇಪಕ್ಕೆ ಮಾತ್ರ ಆಧಾರವಿಲ್ಲ. 2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆ, ಗದ್ದಲದ ನಡುವೆ, ಚರ್ಚೆಯಿಲ್ಲದೆ, ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ ಏರಿಸಿಕೊಂಡಿತು. ಜವಾನನಿಗೆ ಪಿಂಚಣಿ ಹುಟ್ಟಲು 15 ವರ್ಷದ ಸೇವೆ ಬೇಕು, ಮಾಜಿ ಶಾಸಕರಿಗೆ ಒಂದು ಅವಧಿ ಸಾಕು. ಅವತ್ತೂ ಧ್ವನಿಮತವೇ. ಅಷ್ಟು ಗದ್ದಲದಲ್ಲೂ ‘ಹೌದು’ ಕೇಳಿಸಿತು ಎಂಬುದು ಧ್ವನಿಶಾಸ್ತ್ರಕ್ಕೆ ಸವಾಲು.

ಅನುಬಂಧ

ಶಬ್ದ, ಸ್ಪರ್ಶ, ರೂಪ, ರಸ, ಗಂಧ ಎಂದು ತನ್ಮಾತ್ರೆಗಳು ಐದು. ಮೊದಲನೆಯದು ಶಾಸಕರಿಗೆ ಹೋಯಿತು. ಎರಡನೆಯದು ಸೈನಿಕರಿಗೆ ಬಂತು: ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯ ಹೆಸರೇ ಸ್ಪರ್ಶ್. ನವೆಂಬರ್ ಬಂದರೆ ತಾವಿನ್ನೂ ಬದುಕಿದ್ದೇವೆ ಎಂದು ಪಿಂಚಣಿದಾರರು ರುಜುವಾತು ಕೊಡಬೇಕು. ಕಾಕಾನ ಜೊತೆ ನಾನೂ ಕಂಪ್ಯೂಟರ್ ಸೆಂಟರಿಗೆ ಹೋದೆ. ಅದು ಗೋವಿನಜೋಳ ಒಕ್ಕುವ ಕಾಲ. ತೆನೆ ಬಿಡಿಸಿ ಬಿಡಿಸಿ ಅವರ ಹೆಬ್ಬೆರಳಿನ ಗೆರೆ ಸವೆದು ತಟ್ಟೆಯ ಅಂಚಿನಂತೆ ನುಣ್ಣಗಾಗಿತ್ತು. ಹುಡುಗ ಸಣ್ಣ ಪೆಟ್ಟಿಗೆ ಮುಂದಿಟ್ಟ. ಕಾಕಾ ಒತ್ತಿದರು, ಕೆಂಪು ದೀಪ. ಧೋತರಕ್ಕೆ ಒರೆಸಿಕೊಂಡು ಒತ್ತಿದರು, ಕೆಂಪು ದೀಪ. ಹುಡುಗ ಬೆರಳಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿದ. ಮತ್ತೂ ಕೆಂಪು.

‘ಅದೀನಿ ಅಂತ ಬಾಯಿಲೆ ಹೇಳಿದ್ರ ನಡಿಯೂದಿಲ್ಲೇನೋ?’

‘ಇಲ್ರೀ ಕಾಕಾ. ಬಾಯಿಲೆ ಹೇಳಿದ್ದು ತಗೊಳ್ಳೂದಿಲ್ಲ ಇದು.’

ಕಾಕಾ ನನ್ನ ಕಡೆ ನೋಡಿದರು. ಕಂಕುಳಲ್ಲಿದ್ದ ಮಹಾಪ್ರಬಂಧವನ್ನು ನಾನು ಬೆನ್ನ ಹಿಂದಕ್ಕೆ ಸರಿಸಿಕೊಂಡೆ.

‘ಇನ್ನೊಮ್ಮೆ ಗಟ್ಟಿ ಒತ್ರಿ’ ಎಂದ ಹುಡುಗ.