ಗೂಟ ಯಾರ ಕೈಲಿ?

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳು ಯಾಕೆ ಬೆಳೆಯುತ್ತಿಲ್ಲ ಎಂಬುದಕ್ಕೆ ಕೊನೆಗೂ ಉತ್ತರ ಸಿಕ್ಕಿದೆ: ಮಾಲೀಕರ ಮನೋಭಾವ ಸರಿಯಿಲ್ಲ. ಎರಡು ಲೇತು, ಒಂದು ಸಿಎನ್‌ಸಿ ಇಟ್ಟುಕೊಂಡವನನ್ನು ತರಬೇತಿಯೆಂದು ಏಸಿ ಹಾಲ್‌ನಲ್ಲಿ ಕೂರಿಸಿ, ಹೊಸತನಕ್ಕೆ ಐದರಲ್ಲಿ ಎಷ್ಟು, ಮುನ್ನುಗ್ಗುವ ಗುಣಕ್ಕೆ ಎಷ್ಟು, ರಿಸ್ಕಿಗೆ ಎಷ್ಟು ಎಂದು ಟಿಕ್ ಹಾಕಿಸಿದರೆ ಕಾಯಿಲೆ ಪತ್ತೆ. ಮಧ್ಯಾಹ್ನ ಊಟವೂ ಉಂಟು.

ಈ ವಿದ್ಯೆಗೆ ವಂಶಾವಳಿಯೂ ಇದೆ. 1964ರಲ್ಲಿ ಹಾರ್ವರ್ಡ್‌ನ ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಲ್ಲಿ ಸಾಧನೆಯ ಹಸಿವು ಹುಟ್ಟಿಸಲು ತರಬೇತಿ ಶುರುಮಾಡಿದರು. ಗೂಟಕ್ಕೆ ರಿಂಗ್ ಎಸೆಯುವ ಆಟ ಅವರ ಪಂಥದ ಪ್ರಸಿದ್ಧ ಪರೀಕ್ಷೆ. ತೀರಾ ಹತ್ತಿರ ನಿಂತವನು ಪುಕ್ಕಲ, ತೀರಾ ದೂರ ನಿಂತವನು ಜೂಜುಕೋರ, ನಡುವೆ ನಿಂತವನು ಉದ್ಯಮಿ. ನಮ್ಮ ಪೀಣ್ಯದವನು ಸರಿಯಾಗಿ ನಡುವೆಯೇ ನಿಂತ. ಗೂಟ ಮಾತ್ರ ದೊಡ್ಡ ಕಂಪನಿಯ ಪರ್ಚೇಸ್ ಡಿಪಾರ್ಟ್‌ಮೆಂಟಿನವರ ಕೈಯಲ್ಲಿತ್ತು.

ಸಣ್ಣ ಉದ್ಯಮಗಳಿಗಾಗಿ ಮಾಡಿದ 2006ರ ಕಾಯ್ದೆ ಪ್ರಕಾರ, ಮಾಲು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ.

"ಸಾರ್, ನಮ್ಮ ಪೇಮೆಂಟು..."

"ಇನ್ನೂ ಜಿಆರ್‌ಎನ್ ಆಗಿಲ್ಲಪ್ಪ, ಮಾಲು ಬಂದಿದ್ದಕ್ಕೆ ರಸೀದಿ ಬೇಕಲ್ಲ."

"ಮಾಲು ಕೊಟ್ಟು ಎರಡು ತಿಂಗಳಾಯ್ತಲ್ಲ ಸಾರ್, ನಿಮ್ಮ ಲೈನಲ್ಲಿ ಫಿಟ್ಟೂ ಮಾಡಿದ್ದಾರೆ."

"ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ. ಅಂದ ಹಾಗೆ, ಮುಂದಿನ ಲಾಟಿಗೆ ರೇಟು ಐದು ಪರ್ಸೆಂಟ್ ಇಳಿಸ್ಕೊಳ್ಳಿ."

ಹೊಸತನ ಮತ್ತು ಮುನ್ನುಗ್ಗುವ ಗುಣ ಇಲ್ಲಿ ಯಾರಲ್ಲಿ ಉಕ್ಕುತ್ತಿದೆ ಎಂದು ಬರೆಯಲು ಆ ಟಿಕ್ ಹಾಕುವ ಫಾರಮ್ಮಿನಲ್ಲಿ ಕಾಲಂ ಇಲ್ಲ. ಕೈಗೆ ಬಾರದ ಬಿಲ್ಲಿನ ಜಿಎಸ್‌ಟಿಯನ್ನು ನಮ್ಮ ಪೀಣ್ಯದವನು ಮರುತಿಂಗಳು 20ಕ್ಕೇ ಬ್ಯಾಂಕಿನ ಓವರ್‌ಡ್ರಾಫ್ಟಿನಿಂದ ಎಳೆದು ಕಟ್ಟಿರುತ್ತಾನೆ. ಆದರೂ ರಿಸ್ಕಿಗೆ ಐದರಲ್ಲಿ ಎರಡು!

ದೂರು ಕೊಡಲು 2017ರಲ್ಲೇ ಸಮಾಧಾನ್ ಪೋರ್ಟಲ್ ಬಂತು. ಕೊಟ್ಟವನಿಗೆ ಬಡ್ಡಿ ಬಂದರೂ ಬರಬಹುದು, ಮುಂದಿನ ಆರ್ಡರ್ ಬರುವುದಿಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯವರೂ ಕೈಹಾಕಿದರು: ಗಡುವಿನೊಳಗೆ ಕೊಡದ ದುಡ್ಡನ್ನು ನಿಜವಾಗಿ ಕೊಡುವವರೆಗೂ ಖರ್ಚಿಗೆ ಬರೆಯುವಂತಿಲ್ಲ. ಕೂಡಲೇ ಕೆಲವು ಖರೀದಿದಾರರಿಗೆ ಜ್ಞಾನೋದಯವಾಯಿತು. ದುಡ್ಡು ಬೇಗ ಕೊಡಬೇಕೆಂದಲ್ಲ, ಉದ್ಯಮ್ ನೋಂದಣಿಯೇ ಇಲ್ಲದ, ಹಾಗಾಗಿ ಈ ಗಡುವಿನ ತಂಟೆಯೂ ಇಲ್ಲದ ವೆಂಡರನ್ನು ಹುಡುಕಬೇಕೆಂದು.

ಹಾಗಂತ ನಮ್ಮವನೇನೂ ಸಾಚಾ ಅಲ್ಲ. ಪಕ್ಕದ ರಸ್ತೆಯ ಪ್ಲೇಟಿಂಗ್‌ನವನು ಫೋನ್ ಮಾಡಿದರೆ, "ಪಾರ್ಟಿಯಿಂದ ಬಂದಿಲ್ಲ ಕಣೋ" ಎಂದು ಇಟ್ಟುಬಿಡುತ್ತಾನೆ. ಆ ಪ್ಲೇಟಿಂಗ್‌ನವನ ಮನೋಭಾವವೂ ಅಷ್ಟಕ್ಕಷ್ಟೇ ಅಂತೆ. ಮುಂದಿನ ಬ್ಯಾಚಿಗೆ ಅವನ ಹೆಸರು ಹಾಕಿದ್ದಾರೆ.